ಶರ್ಟಿನ ಗುಂಡಿ ಯಾರು ಹಾಕಿದ್ದು ಅಂತ ಹೇಳಿ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಮದುವೆಯಾಗಿ ಇಂಗ್ಲೆಂಡಿನ ರೀಡಿಂಗ್ ಊರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಪಾರ್ಶ್ವವಾಯು ಆದಮೇಲೆ ಯಜಮಾನರ ಬಲಗೈಗೆ ಶಕ್ತಿ ಇಲ್ಲ. ಅವರು ಬ್ರಿಟಿಷ್ ಪೌರರು, ಪಿಐಪಿಗೆ, ಅಂದರೆ ಕಾಯಿಲೆ ಅಥವಾ ಅಂಗವೈಕಲ್ಯದಿಂದ ದಿನನಿತ್ಯದ ಕೆಲಸಕ್ಕೆ ಕಷ್ಟಪಡುವವರಿಗೆ ಇಲ್ಲಿನ ಸರ್ಕಾರ ಕೊಡುವ ಹಣಕ್ಕೆ, ಅರ್ಜಿ ಹಾಕಿದ್ದರು. ಸೊನ್ನೆ ಅಂಕ ಕೊಟ್ಟು, ಕೊಡಲಾಗದು ಅಂತ ಪತ್ರ ಬಂದಿದೆ. ಇದನ್ನು ಪ್ರಶ್ನಿಸಿದರೆ ಸರ್ಕಾರಕ್ಕೆ ಎದುರು ನಿಂತ ಹಾಗಾಗತ್ತಾ, ನನ್ನ ವೀಸಾಗೆ ಏನಾದರೂ ಆಗತ್ತಾ, ಸುಮ್ನೆ ಇದ್ದುಬಿಡೋಣವಾ ಅಂತ ಕೇಳಿದ್ದೀರಿ.

ದಯವಿಟ್ಟು ಸುಮ್ಮನಿರಬೇಡಿ.

ವೀಸಾ ವಿಷಯ ಮೊದಲು ಮುಗಿಸುತ್ತೇನೆ. ಪಿಐಪಿ ಅವರ ಸ್ವಂತ ಹಕ್ಕು. ಅವರು ಅದನ್ನು ಕೇಳಿದರೆ, ಮೇಲ್ಮನವಿ ಹಾಕಿದರೆ ನಿಮ್ಮ ವೀಸಾ ಷರತ್ತು ಮುರಿಯುವುದಿಲ್ಲ. ಆದರೆ ನಿಮ್ಮ ಹೆಸರಿನಲ್ಲಿ ಏನನ್ನೂ ಕೇಳಬೇಡಿ, ನೋಡಿಕೊಳ್ಳುವವರಿಗೆ ಕೊಡುವ ಕೇರರ್ಸ್ ಅಲೋಯನ್ಸ್ ಕೂಡ. ಸಂಗಾತಿ ವೀಸಾದವರು ಸರ್ಕಾರಿ ನೆರವು ಪಡೆಯುವಂತಿಲ್ಲ. ಅವರಿಗೆ ಪಿಐಪಿ ಸಿಕ್ಕರೆ, ಮುಂದೆ ನಿಮ್ಮ ವೀಸಾ ಮುಂದುವರಿಸುವಾಗ ಸಂಬಳದ ಕನಿಷ್ಠ ಮಿತಿಯ ಬದಲು ಬೇರೆ ಲೆಕ್ಕ ಹಿಡಿಯುತ್ತಾರೆ. ಅದು ನಿಮಗೆ ಅನುಕೂಲವೇ.

ನಾನು ತಿಪಟೂರಿನಿಂದ ಕೊವೆಂಟ್ರಿಗೆ ಬಂದಿದ್ದು 2005ರಲ್ಲಿ. ಆಗ ಸರ್ಕಾರದ ಕಂದು ಲಕೋಟೆ ಬಾಗಿಲಲ್ಲಿ ಬಿದ್ದರೆ ಸಾಕು, ಎದೆ ಧಸಕ್ ಅನ್ನುತ್ತಿತ್ತು. ಊರಲ್ಲಾದರೆ ತಾಲೂಕು ಕಚೇರಿಗೆ ಹೋಗುವಾಗ ಗೊತ್ತಿರುವ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗ್ತೀವಿ ಅಲ್ವಾ. ಇಲ್ಲಿ ಯಾರನ್ನು ಹಿಡಿಯುವುದು? ಕಾಗದ ಸರಿಯಾಗಿದ್ದರೆ ಯಾರನ್ನೂ ಹಿಡಿಯಬೇಕಾಗಿಲ್ಲ ಅಂತ ಧೈರ್ಯ ಬರಲು ವರ್ಷಗಳೇ ಹಿಡಿದವು. ಪಿಐಪಿ ಕೊಡುವ ಇಲಾಖೆ ಇಲ್ಲ ಅಂದಿದ್ದನ್ನು, ಆ ಇಲಾಖೆಗೆ ಸೇರದ ಟ್ರಿಬ್ಯುನಲ್, ಅಂದರೆ ನ್ಯಾಯಮಂಡಳಿಯ ಮುಂದೆ, ಒಂದು ಪೌಂಡೂ ಶುಲ್ಕ ಕಟ್ಟದೆ ಪ್ರಶ್ನಿಸಬಹುದು. ಈ ದೇಶದ ಬಗ್ಗೆ ನನಗೆ ಹೆಮ್ಮೆ ಅನಿಸುವ ಸಂಗತಿ ಇದು.

ದಾರಿ ಇಷ್ಟೇ. ಮೊದಲು ಮ್ಯಾಂಡೇಟರಿ ರಿಕನ್ಸಿಡರೇಶನ್, ಅಂದರೆ ಅದೇ ಇಲಾಖೆಗೆ ಮತ್ತೊಮ್ಮೆ ನೋಡಿ ಅಂತ ಕೇಳುವುದು. ಪತ್ರದ ಮೇಲಿನ ತಾರೀಖಿನಿಂದ ಒಂದು ತಿಂಗಳೊಳಗೆ ಕೇಳಬೇಕು. ಹೆಚ್ಚಿನವರಿಗೆ ಅಲ್ಲೂ ಅದೇ ಉತ್ತರ ಬರುತ್ತದೆ. ಬೇಜಾರಾಗಿ ಅಲ್ಲಿಗೇ ಬಿಟ್ಟುಬಿಡುವವರೇ ಜಾಸ್ತಿ, ನೀವು ಬಿಡಬೇಡಿ. ಆ ಉತ್ತರದ ತಾರೀಖಿನಿಂದ ಮತ್ತೆ ಒಂದು ತಿಂಗಳೊಳಗೆ ಟ್ರಿಬ್ಯುನಲ್‌ಗೆ ಹೋಗಬೇಕು. ವಿಚಾರಣೆವರೆಗೆ ಹೋದ ಪಿಐಪಿ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವಾಗಿಯೇ ಆಗಿವೆ. ಫಾರಂ ತುಂಬಲು ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಯವರು ದುಡ್ಡಿಲ್ಲದೆ ಸಹಾಯ ಮಾಡುತ್ತಾರೆ.

ಇನ್ನು ನಮ್ಮ ಮನೆಯದು. ನಮ್ಮ ಯಜಮಾನರಿಗೆ ರುಮಟಾಯ್ಡ್ ಆರ್ಥರೈಟಿಸ್, ಅಂದರೆ ಕೀಲುಗಳು ಊದಿ ನೋಯುವ ಕಾಯಿಲೆ. ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ಪಿಐಪಿಗಾಗಿ ಅವರನ್ನು ಪರೀಕ್ಷಿಸಲು ಒಬ್ಬರು ಮನೆಗೆ ಬಂದರು. ಮನೆಗೆ ಬಂದವರು ಅಂದರೆ ನಮಗೆ ಗೊತ್ತಲ್ಲ. ಇಸ್ತ್ರಿ ಶರ್ಟು ಹಾಕಿಸಿದೆ, ಒಂದೊಂದೇ ಗುಂಡಿ ಹಾಕಿದೆ, ತಲೆ ಬಾಚಿದೆ. ಕಾಫಿ ಆದಾಗ ಇವರು ನಾನು ಬೇಡ ಅಂದರೂ ಕೇಳದೆ ಎದ್ದರು. ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ತಂದು ಬಂದವರ ಮುಂದೆ ಇಟ್ಟರು. ಬೆರಳೊಂದೂ ಲೋಟಕ್ಕೆ ತಾಗಿರಲಿಲ್ಲ. ಬಟ್ಟೆ ಹಾಕಿಕೊಳ್ಳಲು ಕಷ್ಟವಾ ಅಂದರೆ "ಏನೂ ಇಲ್ಲ". ಊಟ? "ಅದೆಲ್ಲ ನಡೆಯತ್ತೆ". ವರದಿಯಲ್ಲಿ ಬಂದಿದ್ದು: ನೀಟಾಗಿ ಬಟ್ಟೆ ಹಾಕಿದ್ದರು, ಬಿಸಿ ಕಾಫಿ ತಂದುಕೊಟ್ಟರು.

ಅವರು ಸುಳ್ಳು ಹೇಳಿರಲಿಲ್ಲ. ನಾನು ಇದ್ದೆನಲ್ಲ, ಹಾಗಾಗಿ ಎಲ್ಲ ನಡೆಯುತ್ತಿತ್ತು. ನಮ್ಮ ಮನೆಗಳಲ್ಲಿ ಅನ್ನ ಕಲಸಿ ಕೊಡುವುದನ್ನು, ಬೆನ್ನು ಉಜ್ಜುವುದನ್ನು ಯಾರೂ ಸಹಾಯ ಅಂತ ಲೆಕ್ಕ ಇಡುವುದಿಲ್ಲ. ಇಲ್ಲಿ ಆ ಲೆಕ್ಕವೇ ಬೇಕು. ಸೊಂಟದ ಮೇಲಿನ ಬಟ್ಟೆ ಹಾಕಿಕೊಳ್ಳಲು ಇನ್ನೊಬ್ಬರು ಬೇಕಾದರೆ 4 ಅಂಕ. ಹೀಗೆ ದಿನನಿತ್ಯದ 10 ಕೆಲಸಗಳಲ್ಲಿ ಒಟ್ಟು 8 ಅಂಕ ಬಂದರೆ ಮಾಮೂಲಿ ದರ, 12 ಬಂದರೆ ಹೆಚ್ಚಿನ ದರ. ಓಡಾಟಕ್ಕೆ ಬೇರೆ ಅಂಕ. ಒಂದು ಕೆಲಸ ಮಾಡಬಲ್ಲರು ಅಂತ ಹೇಳಬೇಕಾದರೆ ಅದನ್ನು ಅಪಾಯವಿಲ್ಲದೆ, ಒಪ್ಪುವಷ್ಟು ಚೆನ್ನಾಗಿ, ಬೇಕಾದಷ್ಟು ಸಲ, ಉಳಿದವರಿಗೆ ಹಿಡಿಯುವ ಸಮಯದ ಎರಡರಷ್ಟು ಮೀರದೆ ಮಾಡಬೇಕು. ಇದು ನಿಯಮದಲ್ಲೇ ಇದೆ. ನೀವು ಬೆಳಿಗ್ಗೆಯಿಂದ ರಾತ್ರಿವರೆಗೆ ಅವರಿಗೆ ಏನೇನು ಮಾಡುತ್ತೀರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ನಾಚಿಕೆ ಬೇಡ.

ಟ್ರಿಬ್ಯುನಲ್‌ಗೆ ಕಾಯುವುದು ತಿಂಗಳುಗಟ್ಟಲೆ. ಮಧ್ಯೆ ಇಲಾಖೆಯಿಂದ ದಪ್ಪನೆಯ ಕಾಗದದ ಕಟ್ಟು ಬರುತ್ತದೆ. ನೋಡಿ ಹೆದರಬೇಡಿ, ಪರೀಕ್ಷೆಯ ವರದಿ ಅದರಲ್ಲೇ ಇರುತ್ತದೆ. ತಪ್ಪಿರುವ ಕಡೆಯೆಲ್ಲ ಪುಟದ ನಂಬರ್ ಹಾಕಿ ಉತ್ತರ ಬರೆಯಿರಿ. ಇಲಾಖೆಯವರು ಫೋನ್ ಮಾಡಿ ಇಷ್ಟು ಕೊಡ್ತೀವಿ, ಮೇಲ್ಮನವಿ ಮುಗಿಸೋಣವಾ ಅನ್ನಬಹುದು. ಫೋನಲ್ಲೇ ಹೂಂ ಅನ್ನಬೇಡಿ, ಸಲಹೆ ಕೇಳಿ ಹೇಳ್ತೀವಿ ಅನ್ನಿ. ಮತ್ತೆ, ಟ್ರಿಬ್ಯುನಲ್‌ನವರು ನೋಡುವುದು ಇಲಾಖೆ ಇಲ್ಲ ಅಂದ ದಿನ ನಿಮ್ಮ ಯಜಮಾನರು ಹೇಗಿದ್ದರು ಅಂತ. ಡಾಕ್ಟರ್ ಹತ್ತಿರ ಪತ್ರ ಬರೆಸುವಾಗ ಆ ದಿನಗಳ ಬಗ್ಗೆಯೇ ಬರೆಸಿ.

ಕಾಗದ ನೋಡಿಯೇ ತೀರ್ಮಾನ ಮಾಡಿ ಅಂತ ಟಿಕ್ ಹಾಕಬೇಡಿ, ವಿಚಾರಣೆಗೆ ಹೋಗಿ. ಕನ್ನಡದ ದುಭಾಷಿ ಬೇಕು ಅಂತ ಮೊದಲೇ ಫಾರಂನಲ್ಲಿ ಕೇಳಿದರೆ ಅವರೇ ಏರ್ಪಾಡು ಮಾಡುತ್ತಾರೆ. ಮೂರು ಜನ ಕೂತಿರುತ್ತಾರೆ: ಒಬ್ಬ ನ್ಯಾಯಾಧೀಶರು, ಒಬ್ಬ ಡಾಕ್ಟರ್, ಅಂಗವೈಕಲ್ಯದ ಅನುಭವ ಇರುವ ಇನ್ನೊಬ್ಬರು. ನಮ್ಮ ವಿಚಾರಣೆಯಲ್ಲಿ ಡಾಕ್ಟರಮ್ಮ ಇವರ ಶರ್ಟು ನೋಡಿ, ಇವತ್ತು ಇದನ್ನು ಹೇಗೆ ಹಾಕಿಕೊಂಡಿರಿ ಅಂತ ಮೆಲ್ಲಗೆ ಕೇಳಿದರು. ಇವರು ನನ್ನ ಮುಖ ನೋಡಿದರು. ಆಮೇಲೆ "ಇವಳು ಹಾಕಿದ್ದು" ಅಂದರು. ಅಲ್ಲಿಂದ ಒಂದೊಂದೇ ಹೇಳಿದರು, ಸ್ನಾನದ್ದೂ.

ನಮ್ಮ ಪರ ಆಯಿತು, ಹಿಂದಿನ ಬಾಕಿಯೂ ಬಂತು. ಆದರೆ ತಿಪಟೂರಿನಲ್ಲಿರುವ ಅಣ್ಣನಿಗೆ ಇವರು ಇವತ್ತಿಗೂ ಹೇಳಿಲ್ಲ. ಯಾರದೋ ಮುಂದೆ ಕೈಚಾಚಿದೆ ಅನ್ನುವ ಕೊರಗು. ಇಷ್ಟು ವರ್ಷ ಇಲ್ಲಿ ದುಡಿದು ತೆರಿಗೆ ಕಟ್ಟಿದ ಮನುಷ್ಯ ಇವರು. ಎಷ್ಟು ಹೇಳಿದರೂ ಆ ಕೊರಗನ್ನು ನನ್ನಿಂದ ತೆಗೆಯಲಾಗಲಿಲ್ಲ. ಇವರ ಕಾಯಿಲೆಗಿಂತ ನನಗೆ ಅದೇ ಜಾಸ್ತಿ ನೋವು. ಅದಕ್ಕೇ ಹೇಳುತ್ತೇನೆ, ಬೇರೆಯವರ ಮುಂದೆ ಹೇಳುವ ಮೊದಲು ನೀವಿಬ್ಬರೂ ಮನೆಯಲ್ಲಿ ಕೂತು ಎಲ್ಲ ಬಿಚ್ಚಿ ಮಾತಾಡಿ.

ನಾಳೆಯೇ ಇಲಾಖೆಗೆ ಫೋನ್ ಮಾಡಿ ಪರೀಕ್ಷೆಯ ವರದಿಯ ಪ್ರತಿ ಕೇಳಿ. ಫೋನಲ್ಲಿ ಮಾತಾಡುವಾಗ ಯಜಮಾನರೂ ಪಕ್ಕದಲ್ಲಿರಬೇಕು, ಅವರ ಒಪ್ಪಿಗೆ ಇಲ್ಲದೆ ನಿಮ್ಮ ಹತ್ತಿರ ಏನೂ ಹೇಳುವುದಿಲ್ಲ.