ಆಲೆಮನೆಯ ಬೆಲ್ಲವನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೂಲಕ ಮಾರಿದರೆ ಗಿಟ್ಟುತ್ತದೆಯೇ?

ಪಾಂಡವಪುರದ ಬಳಿ ಇರುವ ನಿಮ್ಮ ಆಲೆಮನೆಯ ಬೆಲ್ಲವನ್ನು ಮಂಡಿಗೆ ಹಾಕುವ ಬದಲು ಸಾಮಾಜಿಕ ಜಾಲತಾಣಗಳ ಮೂಲಕ ನೇರವಾಗಿ ಗ್ರಾಹಕರಿಗೆ ಮಾರಬಹುದೇ, ಇದಕ್ಕಾಗಿ ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ಕೇಳುತ್ತಿರುವ ಏಜೆನ್ಸಿಗೆ ಕೆಲಸ ಒಪ್ಪಿಸಬಹುದೇ ಎಂದು ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಸಣ್ಣ ಅಂಗಡಿಗಳ ಮತ್ತು ಗೃಹೋದ್ಯಮಗಳ ಆನ್‌ಲೈನ್ ಪ್ರಚಾರವನ್ನು ನೋಡಿಕೊಳ್ಳುತ್ತೇನೆ. ಆದ್ದರಿಂದ ಜಾಲತಾಣದ ಪರವಾಗಿ ಮಾತನಾಡುವುದರಲ್ಲಿ ನನಗೆ ಲಾಭವಿದೆ ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಓದಿ. ನನ್ನ ಅಭಿಪ್ರಾಯದಲ್ಲಿ ಬೆಲ್ಲವನ್ನು ಹೊಸಬರಿಗೆ ಪರಿಚಯಿಸಲು ಜಾಲತಾಣಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ನಿಮಗೆ ಹಣ ಉಳಿಯುವುದು ಎರಡನೆಯ ಮತ್ತು ಮೂರನೆಯ ಬಾರಿ ಕೊಳ್ಳುವವರಿಂದ, ಅವರನ್ನು ಜಾಲತಾಣದ ಸುಪರ್ದಿಗೆ ಬಿಡಬಾರದು.

ಅನುಕೂಲದ ಸಂಗತಿ ನಿಮ್ಮ ಸರಕಿನಲ್ಲಿಯೇ ಇದೆ. ಪಟ್ಟಣದ ಬಹಳಷ್ಟು ಜನ ಹಳದಿ ಬಣ್ಣದ ಬೆಲ್ಲವೇ ಉತ್ತಮವೆಂದು ನಂಬಿದ್ದಾರೆ. ಆ ಬಣ್ಣಕ್ಕಾಗಿ ಹೈಡ್ರೋಸ್‌ನಂತಹ ರಾಸಾಯನಿಕ ಬಳಸುವುದುಂಟೆಂದೂ, ರಾಸಾಯನಿಕವಿಲ್ಲದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆಂದೂ ಅವರಿಗೆ ತಿಳಿದಿರುವುದಿಲ್ಲ. ಮಂಡಿಯಲ್ಲಿ ಬಣ್ಣ ನೋಡಿ ಬೆಲೆ ಕಟ್ಟುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು, ಬೆಂಡೆಗಿಡದ ಲೋಳೆ ಹಾಕಿದಾಗ ಕೊಳೆ ಮೇಲೆದ್ದು ಬರುವುದನ್ನು, ಪಾಕವನ್ನು ಅಚ್ಚಿಗೆ ಸುರಿಯುವುದನ್ನು ಒಂದು ನಿಮಿಷದ ರೀಲ್‌ನಲ್ಲಿ ತೋರಿಸಿದರೆ, ಕಂದು ಬೆಲ್ಲಕ್ಕೆ ಹೆಚ್ಚು ಬೆಲೆ ಏಕೆ ಕೊಡಬೇಕೆಂಬುದನ್ನು ಗ್ರಾಹಕ ತಾನೇ ಅರ್ಥ ಮಾಡಿಕೊಳ್ಳುತ್ತಾನೆ. ಇದಕ್ಕೆ ಒಳ್ಳೆಯ ಫೋನ್ ಸಾಕು. ಸಿನಿಮಾ ಹಾಡು ಹಾಕುವ ಗೋಜಿಗೆ ಮಾತ್ರ ಹೋಗಬೇಡಿ; ವ್ಯಾಪಾರದ ಖಾತೆಗಳಿಗೆ ಇನ್‌ಸ್ಟಾಗ್ರಾಂ ಕೊಡುವ ಸಂಗೀತವೇ ಸೀಮಿತವಾದದ್ದು, ಗಾಣದ ಸದ್ದೇ ಚೆನ್ನಾಗಿರುತ್ತದೆ.

ಲೆಕ್ಕಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಮಂಡಿಯ ಬೆಲೆಗಿಂತ ಕಿಲೋಗೆ 40 ರೂಪಾಯಿ ಹೆಚ್ಚು ಸಿಗುತ್ತದೆ ಎಂದೂ, 5,000 ರೂಪಾಯಿ ಜಾಹೀರಾತಿನಿಂದ ಐವತ್ತು ಮಂದಿ ಕೊಂಡರು ಎಂದೂ ಇಟ್ಟುಕೊಳ್ಳೋಣ. ಒಬ್ಬ ಗ್ರಾಹಕನನ್ನು ಪಡೆಯಲು 100 ರೂಪಾಯಿ ಬಿತ್ತು, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ. ಅವನು ಒಂದೇ ಕಿಲೋ ಕೊಂಡು ಸುಮ್ಮನಾದರೆ ನಿಮಗೆ ನಷ್ಟ. ಐದು ಕಿಲೋ ಕೊಂಡರೆ, ಅಥವಾ ಸಂಕ್ರಾಂತಿಗೆ ಕೊಂಡವನು ಯುಗಾದಿಗೂ ಗೌರಿ ಹಬ್ಬಕ್ಕೂ ಮತ್ತೆ ಬಂದರೆ ಲಾಭ. ಬೆಲ್ಲ ತೂಕ ಹೆಚ್ಚು, ಬೆಲೆ ಕಡಿಮೆ ಇರುವ ಸರಕಾದ್ದರಿಂದ ಕೊರಿಯರ್ ಖರ್ಚು ಬಿಡಿ ಮಾರಾಟವನ್ನು ನುಂಗಿಬಿಡುತ್ತದೆ. ಮೈಸೂರು ರೇಷ್ಮೆ ಸೀರೆ ಮಾರುವವರಿಗೆ ಈ ತೊಂದರೆಯಿಲ್ಲ, ಅವರ ಯಶಸ್ಸನ್ನು ನೋಡಿ ನೀವು ಅಂದಾಜು ಮಾಡಬಾರದು. ದೇಶವಿಡೀ ಜಾಹೀರಾತು ಕೊಡುವುದನ್ನು ಬಿಟ್ಟು ಮೈಸೂರು ಮತ್ತು ಬೆಂಗಳೂರಿಗೆ ಮಾತ್ರ ಸೀಮಿತಗೊಳಿಸಿ, ಒಂದು ಅಪಾರ್ಟ್‌ಮೆಂಟಿನ ಆರ್ಡರುಗಳನ್ನು ಒಟ್ಟು ಮಾಡಿ ಒಂದೇ ಸಲಕ್ಕೆ ಕಳುಹಿಸುವ ಪದ್ಧತಿ ನಿಮಗೆ ಹೊಂದುತ್ತದೆ.

ಜಾಹೀರಾತು ಕೊಡುವಾಗ ಪೋಸ್ಟಿನ ಕೆಳಗೆ ಕಾಣುವ, ಹಣ ಪಡೆದು ಅದನ್ನು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್ ಗುಂಡಿಯನ್ನು ಯೋಚಿಸದೆ ಒತ್ತುವವರೇ ಹೆಚ್ಚು. ನೀವು ಯಾವ ಉದ್ದೇಶವನ್ನು ಆಯ್ಕೆ ಮಾಡುತ್ತೀರೋ ಅದನ್ನು ಮಾಡುವ ಅಭ್ಯಾಸವಿರುವವರಿಗೇ ಜಾಹೀರಾತು ಹೋಗುತ್ತದೆ; ಲೈಕ್ ಕೇಳಿದರೆ ಲೈಕ್ ಒತ್ತುವವರು ಸಿಗುತ್ತಾರೆಯೇ ಹೊರತು ಬೆಲ್ಲ ಕೊಳ್ಳುವವರಲ್ಲ. ನೇರವಾಗಿ ವಾಟ್ಸಾಪ್ ಸಂದೇಶಕ್ಕೆ ಕರೆತರುವ ಬಗೆಯನ್ನು ಆಯ್ದುಕೊಳ್ಳಿ.

ದೊಡ್ಡ ಅನನುಕೂಲವೆಂದರೆ ಇದೆಲ್ಲವೂ ಬಾಡಿಗೆ ಮಳಿಗೆ, ಮಾಲೀಕ ಯಾವಾಗ ಬೇಕಾದರೂ ಬೀಗ ಹಾಕಬಹುದು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಲಕ್ಷಗಟ್ಟಲೆ ಹಿಂಬಾಲಕರಿದ್ದವರ ಶ್ರಮವೂ ಅದರೊಂದಿಗೇ ಹೋಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಸ್ಥಗಿತಗೊಂಡಿದ್ದವು, ಏಕೆಂದರೆ ಮೂರಕ್ಕೂ ಒಡೆಯ ಒಬ್ಬನೇ. ಆದುದರಿಂದ ಕೊಂಡವರ ಹೆಸರು, ಫೋನ್ ಸಂಖ್ಯೆ, ಯಾವ ಹಬ್ಬಕ್ಕೆ ಎಷ್ಟು ಕಿಲೋ ಎಂಬುದನ್ನು ಅವರ ಒಪ್ಪಿಗೆ ಪಡೆದು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ವಾಟ್ಸಾಪಿನಲ್ಲಿ ಒಂದೇ ಸಲಕ್ಕೆ ಹಲವರಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಸಂದೇಶ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುವುದರಿಂದ, ಮೊದಲ ಪಾರ್ಸೆಲ್ಲಿನಲ್ಲಿಯೇ ಸಂಖ್ಯೆ ಉಳಿಸಿಕೊಳ್ಳುವಂತೆ ಒಂದು ಚೀಟಿ ಹಾಕುವುದು ಒಳ್ಳೆಯದು.

ಮಳೆಗಾಲದಲ್ಲಿ ಬೆಲ್ಲ ತೇವ ಹಿಡಿದು ಜಿನುಗುತ್ತದೆ ಎಂಬುದು ನಿಮಗೆ ಗೊತ್ತು, ಗ್ರಾಹಕನಿಗೆ ಗೊತ್ತಿಲ್ಲ. ಅವನು ಫೋಟೋ ಸಮೇತ ಎಲ್ಲರೆದುರು ದೂರು ಹಾಕುತ್ತಾನೆ. ಅಳಿಸಬೇಡಿ, ಅದೇ ದಿನ ಉತ್ತರ ಕೊಟ್ಟು, ಬದಲಿ ಬೆಲ್ಲ ಕಳುಹಿಸಿ. ಈ ಉಸ್ತುವಾರಿಗೆ ದಿನಕ್ಕೆ ಒಂದು ಗಂಟೆ ಮೀಸಲಿಡುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮಂಡಿಯೇ ವಾಸಿ.

ಕಾನೂನಿನ ವಿಷಯದಲ್ಲಿ ಎಚ್ಚರ ಬೇಕು. ಆಹಾರ ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಗತ್ಯ. ಸಕ್ಕರೆ ಕಾಯಿಲೆಯವರೂ ನಮ್ಮ ಬೆಲ್ಲ ತಿನ್ನಬಹುದು ಎಂಬಂತಹ ಮಾತನ್ನು ಪ್ರಚಾರಕ್ಕಾಗಿಯೂ ಬರೆಯಬೇಡಿ. ಅದು ಸುಳ್ಳು, ಅಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಹೆಸರಾಂತ ಯೂಟ್ಯೂಬರ್ ಒಬ್ಬರಿಗೆ ಹಣ ಅಥವಾ ಬೆಲ್ಲ ಕೊಟ್ಟು ಹೊಗಳಿಸಿದರೆ, ಅದು ಪ್ರಾಯೋಜಿತವೆಂದು ಅವರು ಸ್ಪಷ್ಟವಾಗಿ ತಿಳಿಸಬೇಕು.

ಇನ್ನು ಏಜೆನ್ಸಿ. ಪ್ರಾರಂಭದಲ್ಲಿಯೇ ತಿಂಗಳಿಗೆ ಹದಿನೈದು ಸಾವಿರ ಕೊಡುವುದು ನಿಮ್ಮ ಪ್ರಮಾಣಕ್ಕೆ ಹೆಚ್ಚೆಂದೇ ನನಗೆ ತೋರುತ್ತದೆ, ಏಕೆಂದರೆ ಮೇಲಿನ ಲೆಕ್ಕದ ಪ್ರಕಾರ ಆ ಶುಲ್ಕವೊಂದನ್ನು ತೀರಿಸಲೇ ತಿಂಗಳಿಗೆ 375 ಕಿಲೋ ಮಾರಬೇಕು, ಜಾಹೀರಾತಿನ ಖರ್ಚು ಬೇರೆ. ಮೊದಲು ಒಂದು ಹಬ್ಬದ ಹಂಗಾಮಿಗೆ ನೀವೇ ಪ್ರಯತ್ನಿಸಿ ನೋಡಿ. ಆಮೇಲೂ ಏಜೆನ್ಸಿ ಬೇಕೆನಿಸಿದರೆ, ಪುಟ ಮತ್ತು ಜಾಹೀರಾತು ಖಾತೆ ನಿಮ್ಮ ಹೆಸರಿನಲ್ಲಿಯೇ ಇರಬೇಕೆಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ, ಮತ್ತು ಹಿಂಬಾಲಕರ ಸಂಖ್ಯೆಯ ಬದಲು ಬಂದ ಆರ್ಡರುಗಳ ಲೆಕ್ಕವನ್ನು ಪ್ರತಿ ತಿಂಗಳು ಕೇಳಿ. ಇದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.