ಕನ್ನಡ ಮೀಡಿಯಂ ಹುಡುಗೂರಿಗೆ ಇಂಗ್ಲಿಷಿನ್ಯಾಗ ಇಂಜಿನಿಯರಿಂಗ್ ಪಾಠ ಹೆಂಗ ಮಾಡಬೇಕು?

ಎಸ್ಸೆಸ್ಸೆಲ್ಸಿ ತನಕ ಕನ್ನಡದಾಗ ಓದಿದ ಹುಡುಗೂರಿಗೆ ಇಂಗ್ಲಿಷ್ ಪಾಠ ತಿಳೀವಲ್ದು, ಪೂರಾ ಕನ್ನಡದಾಗ ಹೇಳಿಬಿಡ್ಲೇನು ಅಂತ ಕೇಳೀರಿ. ಪೂರಾ ಬ್ಯಾಡ್ರಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪೇಪರ್ ಬರೂದು ಇಂಗ್ಲಿಷಿನ್ಯಾಗ, ಮತ್ತ ನಮ್ಮ ಬೆಳಗಾವಿ ಕ್ಲಾಸಿನ್ಯಾಗ ಮರಾಠಿ ಹುಡುಗೂರೂ ಇರ್ತಾರ, ಬರೇ ಕನ್ನಡ ಹಿಡದ್ರ ಅವರು ಹಿಂದ ಬೀಳ್ತಾರ.

ನಾ ಮೆಕ್ಯಾನಿಕ್ಸ್ ಹೇಳುವಾಗ ಮೊದಲ ಬೋರ್ಡ್ ಮ್ಯಾಲ ಬೀಮ್ (ತೊಲಿ) ಚಿತ್ರ ತಗದು, ಎರಡೂ ಕಡೆ ಸಪೋರ್ಟು, ನಡುವ ಲೋಡು, ಬಲ ತೋರ್ಸೂ ಬಾಣ ಯಾವ ಕಡೆ ಹಾಕಬೇಕು ಅಂತ ಅವರ ಕಡಿಂದನ ಹೇಳಸ್ತೀನಿ, ಯಾವ ಭಾಷಾದಾಗರ ಹೇಳ್ಲಿ, ಆಮ್ಯಾಲ ಅದನ್ನ ನಾಕು ಸಣ್ಣ ಇಂಗ್ಲಿಷ್ ವಾಕ್ಯದಾಗ ಬರದು ಜೋರಾಗಿ ಓದಸ್ತೀನಿ, ಯಾಕಂದ್ರ ಪರೀಕ್ಷಾದಾಗ ಬೇಕಾಗೂವು ಅವ ವಾಕ್ಯ.

"ತಿಳೀತೇನ್ರಪಾ" ಅಂತ ಕೇಳಿದ್ರ ಎಲ್ಲಾರೂ ಗೋಣ ಹಾಕ್ತಾರ, ಅದನ್ನ ನಂಬಬ್ಯಾಡ್ರಿ. ಚೀಟಿ ಕೊಟ್ಟು ಎರಡು ಸಾಲು ಬರಸ್ರಿ. ಗ್ರಾಮರ್ ತಪ್ಪಿಗೆ ಮಾರ್ಕ್ಸ್ ಕಡೀಬ್ಯಾಡ್ರಿ, ಅಲ್ಲೇ ಹುಡುಗೂರು ಬಾಯಿ ಮುಚ್ಚಿಬಿಡ್ತಾರ. ಲೆಕ್ಕದಾಗ ಭಾಳ ಚುರುಕ ಇದ್ದ ಹುಡುಗಿ ಇಂಗ್ಲಿಷ್ ಹೆದರಿಕಿಗೆ ಡೌಟ್ ಕೇಳದ ಹಿಂದಿನ ಬೆಂಚಿಗೆ ಹೋಗಿ ಕೂಡೂದು ನೋಡಿದ್ರ ನಂಗ ಖರೇನ ಸಂಕಟ ಆಗತೈತಿ.

ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) 2021ರಾಗ ಕನ್ನಡದಾಗೂ ಇಂಜಿನಿಯರಿಂಗ್ ಕಲಸಾಕ ಒಪ್ಪಿಗಿ ಕೊಟ್ಟೈತಿ, ಛಲೋ ಆತು, ಆದ್ರ ಈಗ ನಿಮ್ಮ ಮುಂದ ಕುಂತವರು ಇಂಗ್ಲಿಷ್ ಕೋರ್ಸಿನವರು. ಮೊದಲ ಸೆಮ್ ತುಸು ನಿಧಾನ ಮಾತಾಡ್ರಿ, ಸ್ಲೈಡ್ ನೋಡಿ ಓದಬ್ಯಾಡ್ರಿ, ನೋಟ್ಸ್ ಹಿಂದಿನ ದಿನಾನ ವಾಟ್ಸಾಪ್ ಗ್ರೂಪಿಗೆ ಹಾಕ್ರಿ, ಓದಕೊಂಡು ಬರ್ತಾರ.