ಬೋರ್‌ವೆಲ್ ನೀರು ಹಿಡಿದಾಗ ತಿಳಿ, ಗಂಟೆ ಬಿಟ್ಟರೆ ಕೆಂಪು. ಕಬ್ಬಿಣ ತೆಗೆಯುವುದು ಹೇಗೆ?

ನೆಲದಡಿ ಗಾಳಿ ತಾಗದ ಕಬ್ಬಿಣ ನೀರಲ್ಲಿ ಕರಗಿಯೇ ಇರುತ್ತದೆ. ಗಾಳಿ ತಾಗಿದರೆ ತುಕ್ಕಿನ ಕಣವಾಗುತ್ತದೆ. ಆ ಕೆಲಸವನ್ನು ಟ್ಯಾಂಕಿನಲ್ಲೇ ಮುಗಿಸಿ, ಕಣವನ್ನು ಮರಳಲ್ಲಿ ಹಿಡಿಯಬೇಕು. 1 ಮಿ.ಗ್ರಾಂ ಕಬ್ಬಿಣಕ್ಕೆ 0.14 ಮಿ.ಗ್ರಾಂ ಆಮ್ಲಜನಕ ಸಾಕು, ಗಾಳಿ ಊದುವ ದೊಡ್ಡ ಬ್ಲೋವರ್ ದಂಡ.

ಪೈಪಿನ ತುದಿಗೆ ಶವರ್ ಹಾಕಿ. ಅರ್ಧ ಮೀಟರ್ ಎತ್ತರದಿಂದ ನೀರು ಹನಿಯಾಗಿ ಬೀಳಲಿ. ಅರ್ಧದಿಂದ ಒಂದು ಗಂಟೆ ನಿಲ್ಲಿಸಿ, ಜಲ್ಲಿಯ ಮೇಲೆ 60–75 ಸೆಂ.ಮೀ. ಮರಳು ತುಂಬಿದ ಫಿಲ್ಟರಿಗೆ ಬಿಡಿ. ಹರಿವು ತಗ್ಗಿದಾಗ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಮರಳು ತೊಳೆಯಿರಿ. ಆದರೆ ಮರಳು ಬೆಳ್ಳಗಾಗುವಷ್ಟು ಉಜ್ಜಬೇಡಿ: ಕಣಗಳಿಗಂಟಿದ ಆ ಕಂದು ಲೇಪವೇ ಕರಗಿ ಉಳಿದ ಕಬ್ಬಿಣವನ್ನೂ ಹಿಡಿಯುತ್ತದೆ. ಹೊಸ ಮರಳು ಮೊದಮೊದಲು ಸರಿಯಾಗಿ ಕೆಲಸ ಮಾಡದಿರುವುದು ಇದಕ್ಕೇ.

ಎಲ್ಲ ಸರಿಯಿದ್ದೂ ಕೆಂಪು ಹೋಗದಿದ್ದರೆ ನೀರಿನ ಪಿಎಚ್ ನೋಡಿ; ಅದು ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ. ಕರಾವಳಿಯ ಮುರಕಲ್ಲಿನ ಜಾಗದಲ್ಲಿ ನೀರಿಗೆ ಆಮ್ಲ ಗುಣ ಜಾಸ್ತಿ. ಪಿಎಚ್ ಒಂದು ಅಂಕ ಇಳಿದರೆ ಕಬ್ಬಿಣ ತುಕ್ಕಾಗುವ ಕ್ರಿಯೆ ಸುಮಾರು ನೂರು ಪಟ್ಟು ನಿಧಾನ. ಸುಣ್ಣಕಲ್ಲಿನ ಚೂರುಗಳ ಮೇಲೆ ನೀರು ಹಾಯಿಸಿ 7.5ರ ಹತ್ತಿರ ತನ್ನಿ.

ಬಕೆಟ್ಟಿನಲ್ಲಿ ಕಪ್ಪು ಕಲೆಯಾದರೆ ಅದು ಹೆಚ್ಚಾಗಿ ಮ್ಯಾಂಗನೀಸ್ ಎಂಬ ಇನ್ನೊಂದು ಲೋಹ; ಬರೀ ಗಾಳಿಗೆ ಬಗ್ಗುವುದಿಲ್ಲ, ಮ್ಯಾಂಗನೀಸ್ ಡೈಆಕ್ಸೈಡ್ ಲೇಪದ ಮರಳು ಬೇಕು. ನೀರಲ್ಲಿ ಫ್ಲೋರೈಡ್ ಇದ್ದರೆ ಅದು ಈ ಯಾವ ವಿಧಾನದಿಂದಲೂ ಹೋಗುವುದಿಲ್ಲ.